ತಿಕ್ಕಿದ ವರಾಹ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ದಿನವೂ ಸಂಧ್ಯಾವಂದನೆ ತಪ್ಪಿಸದ ಇದೇ ಕೈಯಿಂದ, ನಾನು ನನ್ನ ತಂಗಿಯ ಗಂಡನನ್ನು ಊಟದ ಮಣೆಯಿಂದ ಹೊಡೆದೆ. ಪೆಟ್ಟು ಬಿದ್ದದ್ದು ಭುಜಕ್ಕೆ. ತಲೆಗೆ ಬೀಳಲೆಂದೇ ಎತ್ತಿದ್ದೆ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಕಾರಣ ಒಂದು ನಾಣ್ಯ. ಉಗುರಿನಗಲದ, ವಿಜಯನಗರದ ಕಾಲದ ಚಿನ್ನದ ವರಾಹ. ಒಂದು ಬದಿಯಲ್ಲಿ ಉಮಾಮಹೇಶ್ವರರು ಕುಳಿತಿದ್ದಾರೆ. ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ದೊರೆಯ ಹೆಸರು. ಅದು ಭಟ್ಕಳದ ಶೇಟರದ್ದು. ತಲೆತಲಾಂತರದಿಂದ ಚಿನ್ನದ ಕೆಲಸ ಮಾಡಿಕೊಂಡು ಬಂದ ಅವರೂ, ಹೊನ್ನಾವರದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ನಾನೂ ಹಳೆಯ ನಾಣ್ಯಗಳ ಹುಚ್ಚಿನಿಂದಲೇ ಸ್ನೇಹಿತರಾದವರು. ನಲವತ್ತು ವರ್ಷಗಳ ಕಾಲ ಅವರ ಅಂಗಡಿಯ ಒಳಕೋಣೆಯಲ್ಲಿ ಅವರು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು, ನಾನು ಅಕ್ಷರ ಓದುತ್ತಿದ್ದೆ.

ತಂಗಿಯ ಗಂಡ, ಕುಮಟಾದ ನಮ್ಮ ಭಾವ, ಈ ಹವ್ಯಾಸಕ್ಕೆ ಬಂದದ್ದು ಈಚೆಗೆ. ಅವನಿಗೆ ಶೇಟರ ಕಿವಿಯ ಮೇಲೂ ನನ್ನ ಕಣ್ಣಿನ ಮೇಲೂ ಅಷ್ಟಾಗಿ ಭರವಸೆಯಿರಲಿಲ್ಲ. ದೂರದ ನಗರಗಳಲ್ಲಿ ಗ್ರೇಡಿಂಗ್ ಕಂಪನಿಗಳಿವೆ. ಕೊಳ್ಳುವವನಿಗೂ ಮಾರುವವನಿಗೂ ಸೇರದ ಮೂರನೆಯವರು. ನಾಣ್ಯ ಅಸಲಿಯೇ, ಎಷ್ಟು ಸವೆದಿದೆ ಎಂದು ನೋಡಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಕಳುಹಿಸುತ್ತಾರೆ. ಭಾವನಿಗೆ ಆ ಡಬ್ಬಿಯ ಮೇಲಿನ ಚೀಟಿಯೇ ಶ್ರುತಿ. ಡಬ್ಬಿ ಸೇರಿದ ನಾಣ್ಯದ ಸದ್ದು ಕೇಳುವಂತಿಲ್ಲ, ಅಂಚು ಮುಟ್ಟುವಂತಿಲ್ಲ, ಬೀಗ ಹಾಕಿದ ಗರ್ಭಗುಡಿಗೆ ಕೈಮುಗಿದಂತೆ ಎಂದು ಶೇಟರು ನಗುತ್ತಿದ್ದರು. ಆದರೂ ನಾನು ಕೇಳಿಕೊಂಡದ್ದಕ್ಕಾಗಿ ವರಾಹವನ್ನು ಅವನಿಗೆ ಮಾರಲು ಒಪ್ಪಿದರು. ಯಾರೂ ಉಜ್ಜಿ ಕೆಡಿಸದ ಮೈ, ಹಳೆಯ ಹೊಳಪು ಹಾಗೇ ಇದೆ ಎಂದು ಭಾವನಿಗೆ ಫೋನಿನಲ್ಲಿ ಮಾತು ಕೊಟ್ಟು, ನಾಣ್ಯವನ್ನು ನನ್ನ ಮನೆಯಲ್ಲಿ ಇಟ್ಟುಹೋದರು.

ಅದು ದೀಪಾವಳಿಯ ವಾರ. ಭಾವ ಬರುವುದಕ್ಕೆ ಇನ್ನೂ ನಾಲ್ಕು ದಿನಗಳಿದ್ದವು. ಉಮಾಮಹೇಶ್ವರರು ತಾವಾಗಿ ಮನೆಗೆ ಬಂದಿರುವಾಗ ಅವರನ್ನು ಕಪಾಟಿನಲ್ಲಿ ಕೂಡಿಡಲು ನನ್ನಿಂದಾಗಲಿಲ್ಲ. ಲಕ್ಷ್ಮೀಪೂಜೆಯ ಪೀಠದಲ್ಲಿ ಇಡೋಣ ಎಂದುಕೊಂಡೆ. ಶುದ್ಧಿಯಾಗದ ಬಿಂಬಕ್ಕೆ ಪೂಜೆ ಸಲ್ಲದು. ಆದ್ದರಿಂದ ದೇವರ ಪಾತ್ರೆಗಳ ಜೊತೆ ಅದಕ್ಕೂ ಹುಣಸೆಹುಳಿ ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ, ರುದ್ರ ಹೇಳುತ್ತಾ ತಿಕ್ಕಿದೆ. ಆ ಹೊತ್ತಿನಲ್ಲಿ ಅದು ನನಗೆ ನಾಣ್ಯವಾಗಿರಲಿಲ್ಲ, ದೇವರಾಗಿತ್ತು; ಶೇಟರು ಕೊಟ್ಟ ಮಾತು ನೆನಪಿಗೇ ಬರಲಿಲ್ಲ. ದೀಪದ ಮುಂದೆ ಅದು ಬೆಳಗಿದ್ದನ್ನು ನೋಡಿ ಕಣ್ಣು ತುಂಬಿತು. ಯಾರಿಗೂ ಹೇಳಲಿಲ್ಲ, ಹೇಳತಕ್ಕ ಸಂಗತಿಯೆಂದು ತೋರಲೂ ಇಲ್ಲ.

ಭಾವ ವರಾಹವನ್ನು ಒಯ್ದು ಕಂಪನಿಗೆ ಕಳುಹಿಸಿದ. ಕೆಲವು ತಿಂಗಳ ಮೇಲೆ, ಶೇಟರು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ಒಂದು ಮಧ್ಯಾಹ್ನ, ಅವನು ಬೈಕಿನಿಂದ ಇಳಿದು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ. ಕೈಯಲ್ಲಿ ಡಬ್ಬಿ.

"ಯಾರೂ ಉಜ್ಜದ ಮೈ ಅಂದಿದ್ರಲ್ಲ ಶೇಟ್ರೇ? ಓದಿ ಇದನ್ನ."

ಅಸಲಿ ಎಂದಿತ್ತು. ಆದರೆ ಅಂಕವಿರಬೇಕಾದಲ್ಲಿ ಅಂಕವಿರಲಿಲ್ಲ. ಉಜ್ಜಿ ತೊಳೆದ ನಾಣ್ಯ, ಮೇಲ್ಮೈ ಕೆಟ್ಟಿದೆ ಎಂದು ಬರೆದಿತ್ತು. ಸಂಗ್ರಾಹಕರ ನಡುವೆ ಇದಕ್ಕಿಂತ ದೊಡ್ಡ ಕಳಂಕವಿಲ್ಲ. ಶೇಟರು ಎರಡು ಸಲ ಓದಿ, ಕಂಪನಿಯವರೂ ಮನುಷ್ಯರೇ, ಕಣ್ಣು ತಪ್ಪಿರಬೇಕು ಎಂದು ಶಾಂತವಾಗಿ ಹೇಳಿದರು. ನನಗೆ ಆ ಕ್ಷಣವೇ ಎಲ್ಲವೂ ತಿಳಿದಿತ್ತು. ಬಾಯಿ ತೆರೆಯಲಿಲ್ಲ.

"ಅವ್ರ ಕಣ್ಣು ಸರಿಯೇ ಉಂಟು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ," ಎಂದ ಭಾವ.

ಶೇಟರು ಎದ್ದು ನಿಂತರು. ಭಾವ ಡಬ್ಬಿ ಹಿಡಿದ ಕೈಯನ್ನೇ ಬೀಸಿದ. ಅದರ ಮೂಲೆ ಶೇಟರ ಹುಬ್ಬನ್ನು ಸೀಳಿತು. ಕನ್ನಡಕ ನೆಲಕ್ಕೆ ಬಿದ್ದು ಒಡೆಯಿತು. ರಕ್ತ ಕಣ್ಣಿಗಿಳಿದು ಬಿಳಿ ಅಂಗಿಯನ್ನು ತೋಯಿಸಿತು. ಅವನು ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ತಲೆ ಗೋಡೆಗೆ ಬಡಿದ ಸದ್ದು ಕೇಳಿದಾಗ ನಾನು ಮಣೆ ಎತ್ತಿದೆ. ಸ್ನೇಹಿತನನ್ನು ಕಾಯಲು ಎತ್ತಿದೆನೋ, ನನ್ನ ಮೌನವನ್ನು ಕಾಯಲು ಎತ್ತಿದೆನೋ, ಇಂದಿಗೂ ನಿರ್ಣಯಿಸಲಾರೆ.

ಭಾವ ಮೊಣಕಾಲೂರಿ ಬಿದ್ದ. ಎರಡನೆಯ ಪೆಟ್ಟಿಗೆ ಎತ್ತಿದ ನನ್ನ ಮುಂಗೈಯನ್ನು ಶೇಟರೇ ಹಿಡಿದರು. ರಕ್ತದಲ್ಲಿ ಅವರ ಹಿಡಿತ ಜಾರುತ್ತಿತ್ತು.

"ಬಿಡಿ ಮಾಸ್ತರ್ರೇ. ನಾನು ಉಜ್ಜಿದ್ದಲ್ಲ ಅಂತ ನಿಮಗೆ ಗೊತ್ತಲ್ಲ, ಸಾಕು."

ಮಣೆ ಕೈಯಿಂದ ಬಿತ್ತು. "ಭಾವಾ, ಶೇಟ್ರ ತಪ್ಪಿಲ್ಲೆ," ಎಂದು ಮನೆಮಾತಿನಲ್ಲೇ ಒಪ್ಪಿಕೊಂಡೆ. "ತಿಕ್ಕಿದ್ದು ಆನು."

"ಎಂತದ್ರಲ್ಲಿ?" ಶೇಟರು ಕೇಳಿದರು.

"ಹುಣಸೆಹುಳಿ, ಬೂದಿ, ನಾರು. ಪೂಜೆಗೆ."

ಅವರು ನನ್ನ ಕೆನ್ನೆಗೆ ಬಾರಿಸಿದರು. ಸುತ್ತಿಗೆ ಹಿಡಿದು ಪಳಗಿದ ಕೈ. ಹಲ್ಲು ನಾಲಿಗೆಗೆ ಇಳಿದು ಬಾಯಿ ರಕ್ತದಿಂದ ತುಂಬಿತು. ಆ ಪೆಟ್ಟಿನಲ್ಲಿ ಅನ್ಯಾಯವೇನೂ ಇರಲಿಲ್ಲ.

ಅಷ್ಟರಲ್ಲಿ ಭಾವ ಎದ್ದಿದ್ದ. ಒಂದು ದಿನ ತಿಕ್ಕಿದ್ದು ಯಾರ ಕಣ್ಣಿಗೆ ಕಾಣುತ್ತದೆ, ಕಂಪನಿಯೂ ಸುಳ್ಳು, ನಾವಿಬ್ಬರೂ ಸುಳ್ಳು ಎಂದು ಕೂಗುತ್ತಾ, ತೆಂಗಿನಕಾಯಿ ಒಡೆಯುವ ಕತ್ತಿ ತಂದು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಕಡಿದ. ಮೂರನೆಯ ಏಟಿಗೆ ಪ್ಲಾಸ್ಟಿಕ್ ಸಿಡಿಯಿತು. ಕತ್ತಿ ಜಾರಿ ಅವನ ಹೆಬ್ಬೆರಳನ್ನೂ ವರಾಹದ ಅಂಚನ್ನೂ ಕಚ್ಚಿತು.

ಡಾಕ್ಟರರಲ್ಲಿಗೆ ಮೂವರೂ ಒಂದೇ ರಿಕ್ಷಾದಲ್ಲಿ ಹೋದೆವು. ಹೈವೇಯಲ್ಲಿ ಆಕ್ಸಿಡೆಂಟ್ ಆಯ್ತಾ ಎಂದು ಚಾಲಕ ಕೇಳಿದ.

ಭಾವ ಆ ಬೆತ್ತಲೆ ನಾಣ್ಯವನ್ನು ಇನ್ನೊಂದು ಕಂಪನಿಗೆ ಕಳುಹಿಸಿದ. ಅವರ ಚೀಟಿಯಲ್ಲಿ ಅಸಲಿ, ಆದರೆ ಅಂಚಿಗೆ ಪೆಟ್ಟು ಬಿದ್ದಿದೆ ಎಂದಿತ್ತು. ಮೇಲ್ಮೈ ಸಹಜವಾಗಿದೆ ಎಂದೂ ಇತ್ತು. ಮೊದಲನೆಯವರು ನನ್ನ ನಾರಿನ ಗೆರೆಗಳನ್ನು ಕಂಡರು. ಎರಡನೆಯವರಿಗೆ ಅವನ ಕತ್ತಿಯಷ್ಟೇ ಕಂಡಿತು. ಅಸಲಿ ಎಂಬ ಮಾತಿನಲ್ಲಿ ಇಬ್ಬರನ್ನೂ ನಂಬಿಯೇನು; ಅದರಾಚೆಗೆ ಆ ಚೀಟಿ ಯಾರೋ ಒಬ್ಬರು ಒಂದು ದಿನ ನೋಡಿದ್ದರ ವರದಿ, ಅಷ್ಟೇ. ಹಾಗೆಂದು ನಮ್ಮ ಪರೀಕ್ಷೆ ಮೇಲು ಎನ್ನುವ ಧೈರ್ಯ ನನಗಿಲ್ಲ. ನಾನೇ ಎಳೆದ ಗೆರೆಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶೇಟರು ಭಾವನ ಹಣವನ್ನು ಪೂರ್ತಿ ಹಿಂದಿರುಗಿಸಿ ವರಾಹವನ್ನು ವಾಪಸು ಪಡೆದರು. ಭಾವ ಭಟ್ಕಳಕ್ಕೆ ಹೋಗಿ ಅವರ ಕಾಲಿಗೆರಗಿದ. ಶೇಟರು ಅವನನ್ನು ಎತ್ತಿ ಕೂರಿಸಿ, ಹೊಲಿಗೆ ಬಿದ್ದ ತಮ್ಮ ಹುಬ್ಬನ್ನು ತೋರಿಸಿ, ಇದನ್ನ ಯಾವ ಕಂಪನಿಗೆ ಕಳಿಸ್ಲಿ ಎಂದು ನಕ್ಕರಂತೆ. ನಾನೂ ಹೋಗುತ್ತಿರುತ್ತೇನೆ. ಮೊದಲಿನಂತೆಯೇ ಚಹಾ ತರಿಸುತ್ತಾರೆ, ಮಾಸ್ತರ್ರೇ ಎಂದೇ ಕರೆಯುತ್ತಾರೆ, ಹೊಸದಾಗಿ ಬಂದ ನಾಣ್ಯಗಳ ಅಕ್ಷರ ಓದಿಸುತ್ತಾರೆ. ಆದರೆ ನಾಣ್ಯವನ್ನು ತಮ್ಮ ಬೆರಳುಗಳ ನಡುವೆಯೇ ಹಿಡಿದು, ಬೆಳಕಿಗೆ ತಿರುಗಿಸಿ ತೋರಿಸುತ್ತಾರೆ. ನನ್ನ ಅಂಗೈಗೆ ಇಡುವುದಿಲ್ಲ. ನಾನೂ ಕೈ ಚಾಚುವುದಿಲ್ಲ.