ಕಾಕಾನ ಮೋಟಾರಿಗೆ ವಾತ ಹಿಡಿದ ಆಷಾಢ

ಆಗ ಪುಣೆಯಲ್ಲಿ ಮೋಟಾರು ಇಟ್ಟವರ ಗುರುತು ಸುಲಭವಿತ್ತು: ಕೈಯಲ್ಲಿ ಜಿಡ್ಡು, ಮುಖದಲ್ಲಿ ಚಿಂತೆ. ನಮ್ಮ ವೆಂಕಟೇಶ ಕಾಕಾನಿಗೆ ಎರಡೂ ಇದ್ದವು. ಧಾರವಾಡದಿಂದ ಬಂದು ಪೇಟೆಯಲ್ಲಿ ಆಯುರ್ವೇದ ವೈದ್ಯಕಿ ನಡೆಸುತ್ತಿದ್ದ ಆತ, ವಿಲಾಯತಿಗೆ ಹೊರಟ ಸಾಹೇಬನೊಬ್ಬನ ಹಳೆಯ ಕಾರು ಕೊಂಡಿದ್ದ. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು, ಸಕ್ಕರೆಗೆ ಸರದಿ. ಆ ಕಾರಿನ ಬ್ರೇಕು ಮಾತ್ರ ಹೊಸ ಮಾದರಿಯದು. ಪೆಡಲು ಒತ್ತಿದರೆ ಕೊಳವೆಯೊಳಗಿನ ಎಣ್ಣೆ ನೂಕಿಕೊಂಡು ಹೋಗಿ ಚಕ್ರಗಳನ್ನು ಹಿಡಿಯಬೇಕು. ಹಿಡಿಯುತ್ತಲೂ ಇತ್ತು, ಆ ಆಷಾಢದವರೆಗೆ.

ಪುಣೆಯಾಚೆ ಸಾಸವಡದಲ್ಲಿ ನಮ್ಮ ಅಜ್ಜಿಯ, ಅಂದರೆ ಕಾಕಾನ ತಾಯಿಯ, ತಂಗಿಯ ಮನೆ. ಪಂಢರಪುರಕ್ಕೆ ಹೊರಟ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ, ಅಲ್ಲಿ ತಂಗಿದಾಗ ಅದರೊಡನೆ ನಡೆದು ಬರುವ ವಾರಕರಿಗಳಿಗೆ ಕೈಯಾರೆ ಹೋಳಿಗೆ ಬಡಿಸುವುದು ಅಜ್ಜಿಯ ವ್ರತ. ಹಿಂದಿನ ವರ್ಷ ಮೊಣಕಾಲು ನೋವಿನಿಂದ ಅದು ತಪ್ಪಿತ್ತು. ಎತ್ತಿನ ಗಾಡಿಯ ಕುಲುಕು ಆಕೆಗೆ ಆಗದು, ಕಾರೇ ಗತಿ. ಆದರೆ ನಡುವೆ ದಿವೆ ಘಾಟು. ಹತ್ತಲು ಪೆಟ್ರೋಲು ಸಾಕು, ಇಳಿಯಲು ಬ್ರೇಕು ಬೇಕು.

"ಈ ಸಲಾನೂ ತಪ್ಪಿತಂದ್ರ ನಾ ಇನ್ನ ಹೋಳಿಗಿ ಹಿಟ್ಟು ಮುಟ್ಟಂಗಿಲ್ಲ ನೋಡು" ಎಂದು ಅಜ್ಜಿ ಸಾರಿಬಿಟ್ಟಳು. ಗಜಗದ ಆಟ ಬಿಟ್ಟು ಮಕ್ಕಳೆಲ್ಲ ಎದ್ದು ನಿಂತೆವು. ದೇಶದಲ್ಲಿ ಯುದ್ಧವಿದೆಯೆಂಬುದು ನಮಗೆ ಅಂದೇ ಸರಿಯಾಗಿ ಮನದಟ್ಟಾದದ್ದು.

ಪಾಲಖಿ ಪುಣೆಯಲ್ಲಿ ಬೀಡುಬಿಟ್ಟ ದಿನ ಕಾಕಾ ರೋಗಿಯ ಪರೀಕ್ಷೆಗೆ ಕೂತ. ಪೆಡಲು ಒಮ್ಮೆ ಒತ್ತಿದರೆ ಸೀದಾ ತಳಕ್ಕೆ ಹೋಗುತ್ತಿತ್ತು. ಮೇಲಿಂದ ಮೇಲೆ ಒತ್ತಿದರೆ ಮೆಲ್ಲಗೆ ಗಟ್ಟಿಯಾಗುತ್ತಿತ್ತು. ಎಣ್ಣೆಯ ಡಬ್ಬಿಯಲ್ಲಿ ಬೆರಳದ್ದಿ ಬಣ್ಣ ನೋಡಿದ, ಮೂಸಿದ, ಅವನ ಹೆಂಡತಿ, ನಮ್ಮ ಕಾಕು, ಬೇಡವೆಂದು ಕೂಗುವಷ್ಟರಲ್ಲಿ ನಾಲಿಗೆಗೂ ಹಚ್ಚಿಕೊಂಡ. ಆಮೇಲೆ ಔಷಧದ ಕಪಾಟಿನಿಂದ ತ್ರಿಫಲಾ ಚೂರ್ಣ ತಂದು, ಒರೆಸಿದ ಕೊಳವೆಗಳ ಮೇಲೆಲ್ಲ ಉದುರಿಸಿ ಪೆಡಲು ಒತ್ತಿಸಿದ. ಹಿಂಚಕ್ರದ ಬಳಿಯ ಒಂದು ಕೀಲಿನಲ್ಲಿ ಚೂರ್ಣ ನೆನೆದು ಲೇಹ್ಯವಾಯಿತು.

"ಸಿಕ್ತು! ಇಲ್ಲಿ ಸೋರ್ತದ!" ಕೀಲು ಬಿಗಿದು, ಎದ್ದು ನಿಂತು, ರೋಗಿಯ ಮನೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿದ: "ಎಣ್ಣಿ ಹೋದ ಜಾಗಾದಾಗ ಗಾಳಿ ಹೊಕ್ಕದ. ಅಂದ್ರ ವಾತ. ಇದಕ್ಕ ರಕ್ತಮೋಕ್ಷಣ ಆಗಬೇಕು."

ಎಂದರೆ, ಚಕ್ರದ ಹಿಂದಿನ ತಿರುಪು ಸಡಿಲಿಸಿ, ಪೆಡಲು ಒತ್ತಿಸಿ, ಎಣ್ಣೆಯ ಜೊತೆ ಗಾಳಿಯನ್ನು ಹೊರಗೆ ಬಿಡುವುದು. ಕಾಕಾ ಗಾಡಿಯಡಿ ತೂರಿದ. ತಿರುಪಿಗೆ ಸಿಕ್ಕಿಸಿದ ಕೊಳವೆಯ ತುದಿ ಮುಳುಗಿಸಿದ ಎಣ್ಣೆ ಬಾಟಲಿಯಲ್ಲಿ ಗುಳ್ಳೆ ನೋಡಿ ಹೇಳುವ ಕೆಲಸ ನನಗೆ ಬಂತು. ಕಾಕು ಹೂರಣ ರುಬ್ಬುತ್ತಿದ್ದಳು. ಪೆಡಲಿಗೆ ಉಳಿದವಳು ಅಜ್ಜಿ.

"ಅವ್ವಾ, ಬಿಡು ಅನ್ನೂತನಾ ಕಾಲು ಎತ್ತಬ್ಯಾಡ. ನಡುವ ಎತ್ತಿದ್ರ ಗಾಳಿ ಒಳಗ ಎಳಕೋತದ."

"ಹಡದಾಕಿಗೆ ಒತ್ತೂದು ಕಲಸ್ತೀಯೇನೋ ವೆಂಕ್ಯಾ?"

ಕಚ್ಚೆ ಸೀರೆ ಸರಿಮಾಡಿಕೊಂಡು ಅಜ್ಜಿ ಸಾಹೇಬನ ಆಸನದಲ್ಲಿ ವಿರಾಜಮಾನಳಾದಳು. ಒತ್ತಿದಾಗೊಮ್ಮೆ ಮೊಣಕಾಲು ಚುಳ್ ಎನ್ನುವುದು, ನೋವಿಗೆ "ವಿಠ್ಠಲಾ!" ಎಂದು ಕೂಗುವಳು, ಕಣ್ಣಲ್ಲಿ ನೀರು. ಅಷ್ಟರಲ್ಲಿ ಓಣಿಗೆ ತಾಳ ಮೃದಂಗ ಬಾರಿಸುತ್ತ ವಾರಕರಿಗಳ ಒಂದು ತಂಡ ಬಂತು. ಮೋಟಾರಿನಲ್ಲಿ ಕೂತು ಕಣ್ಣೀರು ಸುರಿಸುತ್ತ ವಿಠ್ಠಲನನ್ನು ಕರೆಯುವ ಮುದುಕಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ. ಮುಂದಿದ್ದ ಹಿರಿಯನು "ಮಾವುಲೀ! ತಾಯೀ!" ಎಂದು ಗದ್ಗದನಾಗಿ ಬಾಗಿಲೊಳಗೆ ಬಗ್ಗಿ ಅಜ್ಜಿಯ ಪಾದ ಹಿಡಿದ. ವಾರಕರಿ ನಮಸ್ಕರಿಸಿದರೆ ತಿರುಗಿ ನಮಸ್ಕರಿಸಬೇಕಲ್ಲ! ಅಜ್ಜಿ ಗಡಬಡಿಸಿ ಕಾಲು ಎಳೆದುಕೊಂಡಳು. ಬಾಟಲಿಯ ಎಣ್ಣೆ ಗೊಳಕ್ಕನೆ ಹಿಂದಕ್ಕೆ ಸರಿಯಿತು.

"ಕಾಕಾ, ಗಾಳಿ ವಾಪಸ್ ಹೋತು!"

ಮತ್ತೆ ಮೊದಲಿಂದ. ಮತ್ತೊಬ್ಬ ಭಕ್ತ, ಮತ್ತೆ ಗಾಳಿ. ಪೇಟೆಯಲ್ಲೆಲ್ಲೂ ಸಿಗದ ಬ್ರೇಕಿನ ಎಣ್ಣೆ ಡಬ್ಬಿಯ ತಳ ಕಂಡಿತು. ಕಾಕಾ ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡು ಹೊರಬಂದು, ಆಕೆಯನ್ನು ಮುಟ್ಟಬೇಡಿರೆಂದು ಮರಾಠಿಯಲ್ಲಿ ಕೈಮುಗಿದ. ಇಂಥ ಕಪ್ಪು ಮುಖದ ಸೇವಕನನ್ನು ನೋಡಿ ಅವರ ಭಕ್ತಿ ಇಮ್ಮಡಿಯಾಯಿತು. ಸಾಲು ಓಣಿಯ ತಿರುವಿನವರೆಗೆ ಬೆಳೆಯಿತು.

ದಾರಿ ಹುಡುಕಿದವಳು ಅಜ್ಜಿ. ಬಲಗಾಲನ್ನು ಬಾಗಿಲಿಂದ ಹೊರಗೆ ಚಾಚಿದಳು. ಎಡಗಾಲನ್ನು ಪೆಡಲಿನ ಮೇಲೆ ಊರಿದಳು. "ಈ ಕಾಲು ಅವರದು, ಆ ಕಾಲು ನಿಂದು. ಇನ್ನ ನಡೀಲಿ!"

ನಡೆಯಿತು. ಹೊರಗೆ ದರ್ಶನ, ಒಳಗೆ ಬ್ರೇಕು. ಡಬ್ಬಿ ಬರಿದಾದಾಗ ಕಾಕಾ ದವಾಖಾನೆಯ ಔಡಲೆಣ್ಣೆ ಸುರಿದ. ವಾತಕ್ಕೆ ಅದೇ ಮದ್ದು, ಡಬ್ಬಿಯ ವಾಸನೆಯೂ ಹೆಚ್ಚುಕಡಿಮೆ ಅದೇ ಎಂದು ಸಮಾಧಾನ ಹೇಳಿಕೊಂಡ. ಗುಳ್ಳೆ ನಿಂತವು. ಪೆಡಲು ಕಲ್ಲಿನಂತಾಯಿತು. ಸಾಲಿನಲ್ಲಿ ಉಳಿದವರಿಗಾಗಿ ಅಜ್ಜಿ ಇನ್ನಷ್ಟು ಹೊತ್ತು ಕೂತಿರಬೇಕಾಯಿತು.

ಸಾಸವಡದಲ್ಲಿ ಆಕೆ ಹೋಳಿಗೆ ಬಡಿಸಿದಳು, ಮೇಲೆ ತುಪ್ಪ, ಕೈ ಬಿಗಿಹಿಡಿಯದೆ. ಮರಳಿ ಬರುವಾಗ ಘಾಟಿನ ಪ್ರತಿ ತಿರುವಿನಲ್ಲೂ ಹಿಂದಿನ ಸೀಟಿನಿಂದ ಎಡಗಾಲನ್ನು ನೆಲಕ್ಕೊತ್ತುತ್ತಿದ್ದಳು. ಕೆಳಗೆ ಬಂದ ಮೇಲೆ, "ನಾ ಇದ್ದೆ, ಹಿಡೀತು" ಎಂದಳು.

ಮೊನ್ನೆ ನನ್ನ ಕಾರಿನ ಕ್ಲಚ್ಚು ಹಾಗೆಯೇ ತಳ ಸೇರಿತು. ಈಗಿನ ಕಾರುಗಳಲ್ಲಿ ಅದೂ ಕೊಳವೆಯ ಎಣ್ಣೆಯಿಂದಲೇ ನಡೆಯುವುದು. ಪುಣೆಯ ಖರಾಡಿ ಭಾಗದ ಗ್ಯಾರೇಜಿನಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಯಂತ್ರವೊಂದು ಯಾರ ಕಾಲಿನ ನೆರವೂ ಇಲ್ಲದೆ ಗಾಳಿಯನ್ನು ಹೀರಿ ತೆಗೆಯಿತು. ಕೆಲಸ ಅಚ್ಚುಕಟ್ಟು, ದೂರಲು ಏನೂ ಇಲ್ಲ. ಮನೆಗೆ ಬಂದು ಗಾಡಿ ನಿಲ್ಲಿಸಿದೆ. ಪಕ್ಕದ ಮನೆಯವರು ಬಾಗಿಲಲ್ಲೇ ಇದ್ದರು. ಗಾಡಿಗೆ ಏನಾಗಿತ್ತೆಂದು ಕೇಳಬಹುದೆಂದು ಸ್ವಲ್ಪ ನಿಧಾನವಾಗಿಯೇ ಇಳಿದೆ. ಕೇಳಲಿಲ್ಲ.