ಇಸ್ರೇಲಿನ ಫಲಿತಾಂಶಕ್ಕೆ ಧಾರವಾಡದ ಪೇಢೆ

ಟ್ರಾಯ್ ಊರಿನ ಬಿಗ್ ಬೀವರ್ ರಸ್ತೆಯ ಮಾಲಿನಲ್ಲಿ, ಅಂಗಡಿಗಳು ತೆರೆಯುವ ಮೊದಲು, ವಾಕಿಂಗ್ ಮಾಡುವ ಮುದುಕರದೇ ಒಂದು ಲೋಕ. ಹೊರಗೆ ಕೊರೆಯುವ ಚಳಿ, ಒಳಗೆ ಅರೆಬೆಳಕು. ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳು ದುಬಾರಿ ಕೋಟು ತೊಟ್ಟು ಯಾರಿಗೋ ಕಾಯುತ್ತಿರುತ್ತವೆ. ಆ ಮಬ್ಬಿನಲ್ಲಿ ಶರಣಪ್ಪನವರು ಅರ್ಧ ನಡೆಯುತ್ತಿದ್ದರು, ಅರ್ಧ ತೇಲುತ್ತಿದ್ದರು.

ಬಾಗಲಕೋಟೆ ಕಡೆಯವರು. ಕಾರಿನ ಬಾಗಿಲಿಗೆ ತಗಡು ಬೆಸೆಯುವ ಕೆಲಸದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅವರ ವಯಸ್ಸಿನವರು ಬೇಸಿಗೆಯಲ್ಲಿ ಹೀರೆಕಾಯಿ ಬೆಳೆಯುತ್ತಾರೆ, ವಾರಾಂತ್ಯಕ್ಕೆ ದೇವಸ್ಥಾನದಲ್ಲಿ ಚಿತ್ರಾನ್ನ ಬಡಿಸುತ್ತಾರೆ. ಶರಣಪ್ಪನವರು ಮಾತ್ರ ಇಸ್ರೇಲಿನ ಚುನಾವಣೆ ನೋಡುತ್ತಿದ್ದರು.

ಈ ಹುಚ್ಚು ಹಿಡಿಸಿದವರು ಯೋರಾಮ್. ಇಸ್ರೇಲಿನ ಹೈಫಾ ಊರಿನಲ್ಲಿ ಹುಟ್ಟಿ, ಈ ಊರಿನವರ ಹಲ್ಲು ಕಿತ್ತು ನಿವೃತ್ತರಾದ ಡಾಕ್ಟರು. ಶರಣಪ್ಪನವರಿಗೆ ಈ ದೇಶದಲ್ಲಿ ದಕ್ಕಿದ್ದ ಒಬ್ಬನೇ ಗೆಳೆಯ ಎಂದರೂ ತಪ್ಪಿಲ್ಲ. ಅಲ್ಲಿ ಪಕ್ಷವೊಂದಕ್ಕೆ ನೂರಕ್ಕೆ ಮೂರೂಕಾಲು ಮತ ಬರದಿದ್ದರೆ ಸಂಸತ್ತಿನೊಳಗೆ ಕಾಲಿಡುವಂತಿಲ್ಲ, ಬಂದ ಮತವೆಲ್ಲ ನೀರುಪಾಲು ಎಂದು ಅವರು ಒಮ್ಮೆ ಹೇಳಿದ್ದೇ ತಡ, ಶರಣಪ್ಪನವರ ಒಳಗಿದ್ದ ಎಂಜಿನಿಯರ್ ಎದ್ದು ಕೂತ. ತೆಳ್ಳನೆಯ ತಗಡು ಒಂಟಿಯಾಗಿದ್ದರೆ ಬಾಗುತ್ತದೆ. ನಾಲ್ಕು ಕಡೆ ಬೆಸೆಯಿರಿ, ಕಾರಿನ ಬಾಗಿಲಾಗುತ್ತದೆ.

2022ರಲ್ಲಿ ಅಲ್ಲಿನ ಬಲಪಂಥದವರು ಮಾಡಿದ್ದೂ ಅದನ್ನೇ. ಒಬ್ಬರನ್ನೊಬ್ಬರು ಅಷ್ಟಾಗಿ ಹಚ್ಚಿಕೊಳ್ಳದ ಸಣ್ಣ ಪಕ್ಷಗಳು ಕೈ ಹಿಡಿದು ಒಂದೇ ಪಟ್ಟಿಯಲ್ಲಿ ನಿಂತವು. ದೊಡ್ಡಣ್ಣನಂಥ ಪಕ್ಷವೇ ಮುಂದೆ ನಿಂತು ಆ ಸಂಬಂಧ ಕುದುರಿಸಿತ್ತು. ಶರಣಪ್ಪನವರು ಮಾಲಿನ ಕಾರಂಜಿಯ ಬಳಿ ಕಣ್ಣು ಅರೆಮುಚ್ಚಿದರೆ ಸಾಕು, ಆಕಾಶದಲ್ಲಿ ತಗಡುಗಳು ಮೆಲ್ಲಗೆ ತೇಲಿಬಂದು ಒಂದಕ್ಕೊಂದು ತಾಗುತ್ತಿದ್ದವು. ತಾಗಿದಲ್ಲೆಲ್ಲ ಕಿಡಿ ಹಾರಿ ನಕ್ಷತ್ರವಾಗುತ್ತಿತ್ತು. ಇದನ್ನೆಲ್ಲ ಅವರು ಯೋರಾಮರಿಗೆ ಉತ್ಸಾಹದಿಂದ ವರ್ಣಿಸುತ್ತಿದ್ದರು. ಯೋರಾಮ್ ಹೂಂ ಎನ್ನುತ್ತಿದ್ದರು. ಹೂಂ ಎಂದವರೆಲ್ಲ ಒಪ್ಪಿದವರೇ ಎಂಬುದು ಶರಣಪ್ಪನವರ ಬಹುಕಾಲದ ನಂಬಿಕೆ.

ನವೆಂಬರಿನಲ್ಲಿ ಫಲಿತಾಂಶ ಬಂತು. ಬೆಸೆದ ಪಟ್ಟಿ ಸಂಸತ್ತಿನ ಮೂರನೆಯ ದೊಡ್ಡ ಬಳಗವಾಯಿತು, ಬಲಪಂಥದ ಸರ್ಕಾರಕ್ಕೆ ದಾರಿಯಾಯಿತು. ಮೇಲಿಂದ ಮೇಲೆ ಚುನಾವಣೆ ಕಂಡ ಗೆಳೆಯನ ದೇಶದಲ್ಲಿ ಅಂತೂ ಒಂದು ಸ್ಥಿರ ಸರ್ಕಾರ! ಊರ ಕಡೆ ಫಲಿತಾಂಶದ ದಿನ ಬಾಯಿ ಸಿಹಿ ಮಾಡದೆ ಇರುವುದುಂಟೇ? ಹೆಂಡತಿ ಶಾಂಭವಿ ಫ್ರೀಜರಿನಲ್ಲಿ ಜೋಪಾನವಾಗಿಟ್ಟಿದ್ದ ಧಾರವಾಡ ಪೇಢೆಯ ಡಬ್ಬಿಯನ್ನು ಶರಣಪ್ಪನವರು ತೆಗೆದುಕೊಂಡು ಹೋಗಿ, ಮಾಲಿನ ಬಾಗಿಲಲ್ಲೇ ಯೋರಾಮರ ಕೈಗಿಟ್ಟು ಅಭಿನಂದಿಸಿದರು. ಫ್ರೀಜರಿನಲ್ಲಿಟ್ಟರೆ ಎಷ್ಟು ದಿನವಾದರೂ ಕೆಡುವುದಿಲ್ಲ ಎಂಬ ಸೂಚನೆಯನ್ನೂ ಕೊಟ್ಟರು.

ಯೋರಾಮ್ ಡಬ್ಬಿಯನ್ನೇ ನೋಡಿದರು. ಥ್ಯಾಂಕ್ಸ್ ಹೇಳಿದರು. ಮರುದಿನದಿಂದ ಬರಲಿಲ್ಲ.

ಫೋನ್ ಮಾಡಿದರೆ ಎತ್ತಲಿಲ್ಲ. ಬೊಂಬೆಗಳ ನಡುವೆ ಒಬ್ಬರೇ ನಡೆದು ಬಂದು ಕುರ್ಚಿಯಲ್ಲಿ ಕುಸಿದ ಗಂಡನಿಂದ ಶಾಂಭವಿ ಒಂದೊಂದೇ ಮಾತು ಹೊರಡಿಸಿದರು.

"ಅವ್ರ ಮನ್ಯಾಗ ಯಾವ ಪಕ್ಷ ಅಂತ ಕೇಳಿದ್ರೇನು?"

"ಅದೇನ್ ಕೇಳೂದು? ಅವ್ರ ದೇಶ, ಅವ್ರ ಸರ್ಕಾರ."

"ಸೋತವ್ರ ಕೈಯಾಗ ಪೇಢೆ ಕೊಟ್ಟು ಬಂದೀರಿ. ಅದೂ ನಮ್ಮಣ್ಣ ತಂದ ಪೇಢೆ."

ಅಣ್ಣನ ಪೇಢೆಯ ಮಾತಿನಲ್ಲೇ ಕೋಪ ಹೆಚ್ಚಿತ್ತು. ಆದರೆ ಶರಣಪ್ಪನವರಿಗೆ ಚುಚ್ಚಿದ್ದು ಸೋತವರ ಮಾತು. ಅವರು ಫಲಿತಾಂಶದ ಕೆಳಗಿನ ಸಾಲುಗಳನ್ನು ಮೊದಲ ಬಾರಿಗೆ ಓದಿದರು. ಎಡಪಂಥದ ಹಳೆಯ ಪಕ್ಷವೊಂದು ಕೂದಲೆಳೆಯಲ್ಲಿ ಆ ಮೂರೂಕಾಲನ್ನು ಮುಟ್ಟದೆ ಸಂಸತ್ತಿನಿಂದಲೇ ಹೊರಗುಳಿದಿತ್ತು. ಅದರ ಒಡನಾಡಿ ಪಕ್ಷ ಕೂಡಿ ನಿಲ್ಲಲು ಒಪ್ಪಿರಲಿಲ್ಲವಂತೆ.

ಹಿಮದಲ್ಲಿ ಮೆಲ್ಲಗೆ ಡ್ರೈವ್ ಮಾಡಿಕೊಂಡು ಅವರು ಯೋರಾಮರ ಮನೆಗೆ ಹೋದರು. ದಾರಿಯಲ್ಲಿ ಇಂಗ್ಲಿಷಿನಲ್ಲಿ ಕಟ್ಟಿಕೊಂಡಿದ್ದ ಕ್ಷಮಾಪಣೆ ಬಾಗಿಲು ತೆರೆದೊಡನೆ ಕರಗಿ, "ನಿಮ್ಮ ಪಕ್ಷ ಯಾವುದೆಂದು ನಾನು ಕೇಳಲೇ ಇಲ್ಲ" ಎಂಬುದೊಂದೇ ಉಳಿಯಿತು.

ಯೋರಾಮ್ ಒಳಗೆ ಕರೆದರು. ಅಪ್ಪ ಹೊರಗುಳಿದ ಆ ಪಕ್ಷಕ್ಕಾಗಿ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದುದನ್ನೂ, ಹೈಫಾದ ಅಕ್ಕ ಈ ಸಲ ಗಾಲಿಕುರ್ಚಿಯಲ್ಲಿ ಹೋಗಿ ಮತ ಹಾಕಿದ್ದನ್ನೂ ಹೇಳಿದರು. ಬಳಿಕ, "ನಿನಗೆ ಅದು ಬೆಸುಗೆ, ಶರಣ್. ಅಕ್ಕ ಕೂತಿರುವುದು ಆ ಬೆಸುಗೆಯ ಕಾರಿನೊಳಗೆ" ಎಂದರು.

ಶರಣಪ್ಪನವರು ಹೂಂ ಎಂದರು. ಈ ಹೂಂ ಬೇರೆಯಾಗಿತ್ತು.

ಯೋರಾಮ್ ಫ್ರೀಜರ್ ತೆರೆದು ತೋರಿಸಿದರು. ಡಬ್ಬಿ ಹಾಗೇ ಇತ್ತು. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ನಮ್ಮವರಿಗೂ ಒಂದು ದಿನ ಬರಲಿ, ಆಗ ತಿನ್ನೋಣ ಎಂದರು.

ಮರುದಿನ ಇಬ್ಬರೂ ಮಾಲಿಗೆ ಬಂದರು. ಮುಂದಿನ ವರ್ಷ ಇಸ್ರೇಲಿನಲ್ಲಿ ಯುದ್ಧ ಬಂದಾಗಲೂ ವಾಕಿಂಗ್ ಬಿಡಲಿಲ್ಲ. ಯೋರಾಮ್ ಫೋನಿನಲ್ಲಿ ಅಕ್ಕನ ದನಿ ಕೇಳುವಾಗ ಶರಣಪ್ಪನವರು ಅವರ ಕೋಟು ಹಿಡಿದು ನಿಲ್ಲುತ್ತಿದ್ದರು. ಚುನಾವಣೆಯ ಲೆಕ್ಕ ಅವರ ತಲೆಯೊಳಗೆ ಆಗಲೂ ನಡೆದೇ ಇತ್ತು. ಚಟ, ಏನು ಮಾಡುವುದು! ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

2024ರ ಬೇಸಿಗೆಯ ಒಂದು ಬೆಳಗ್ಗೆ ಯೋರಾಮ್ ಕಾರಂಜಿಯ ಪಕ್ಕ ಕೂತು ಚೀಲದಿಂದ ಡಬ್ಬಿ ತೆಗೆದರು. ಎಡಪಂಥದ ಆ ಎರಡು ಪಕ್ಷಗಳು ಕೊನೆಗೂ ಒಂದಾಗಲು ಒಪ್ಪಿದ್ದವು. ಪೇಢೆ ಕಲ್ಲಾಗಿತ್ತು.

"ಈ ಬೆಸುಗೆ ನಿಲ್ಲುತ್ತದೆಯೇ, ಎಂಜಿನಿಯರ್?"

ಶರಣಪ್ಪನವರ ನಾಲಗೆಯ ತುದಿಯಲ್ಲಿ ತಗಡಿನ ಇಡೀ ಪಾಠವಿತ್ತು. ನುಂಗಿಕೊಂಡರು.

"ಅಕ್ಕ ಏನಂದರು?"

"ಅತ್ತಳು," ಎಂದರು ಯೋರಾಮ್, "ಆಮೇಲೆ ಬೈದಳು, ಇಷ್ಟು ತಡವೇಕೆಂದು."

ಹಲ್ಲಿನ ಡಾಕ್ಟರು ಎಚ್ಚರಿಸುತ್ತಿದ್ದಂತೆಯೇ ಶರಣಪ್ಪನವರು ಪೇಢೆಯನ್ನು ಕಚ್ಚದೆ ಬಾಯಲ್ಲಿಟ್ಟುಕೊಂಡರು. ಕಾರಂಜಿ ಮೆಲ್ಲಗೆ ಚಿಮ್ಮುತ್ತಿತ್ತು. ಪೇಢೆ ಕರಗುವವರೆಗೆ ಮಾತಾಡುವಂತಿರಲಿಲ್ಲ.