ಬಾಣಂತಿಯ ನೀರಿಗೆ ಕಾವಲು

ಬೆಳಕವಾಡಿಯ ಮಂಗಳಮ್ಮ ಬಾಣಂತನಕ್ಕೆ ನಿಂತರೆ ತಲೆನೋವು ಊರ ಬಾಗಿಲಲ್ಲೇ ವಾಪಸ್ಸು ಬಸ್ಸು ಹತ್ತುತ್ತದೆ ಎಂದು ಹೆಸರು. ಆ ಹೆಸರು ಇಟ್ಟವಳೂ ಅವಳೇ.

"ಈ ಕೈ ಎತ್ತಾಡ್ಸಿದ ಮಕ್ಳೆಲ್ಲ ಒಟ್ಗೆ ಅತ್ರೆ ಮಳವಳ್ಳೀಲಿ ಕಿವಿ ಮುಚ್ಕೋಬೇಕು. ಒಬ್ಳು ಬಾಣಂತಿಗಾದ್ರೂ ತಲೆ ನೊಂದದಾ, ಕೇಳು!"

ಅವಳ ಗುಟ್ಟು ಒಂದೇ: ಬಾಣಂತಿಗೆ ನೀರು ಕೊಡಬಾರದು. ಕೊಟ್ಟರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ. ಉಂಡ ಮೇಲೆ ಒಂದು ಗುಟುಕು ಬಿಸಿನೀರು, ಅಷ್ಟೇ.

ಮಗಳು ರೂಪ ತವರಲ್ಲಿ ಹೆತ್ತದ್ದು, ಹಾರುವ ಕಾಗೆಯ ನೆರಳೂ ಬೆವರುವಂಥ ಬೇಸಿಗೆಯಲ್ಲಿ. ಮಂಗಳಮ್ಮ ನೀರಿನ ಕೊಡಕ್ಕೆ ಕಾವಲು ಕೂತಳು. ಮಗಳು ಕದ್ದು ಕುಡಿದಾಳೆಂದು ಕೊಡದೊಳಗೆ ಸುಣ್ಣದ ಗೆರೆ ಎಳೆದಳು. ಬಚ್ಚಲ ಬಾಗಿಲಿಗೆ ಕಿವಿಯಿಟ್ಟಳು. ಮಗಳ ನಾಲಿಗೆ ಮುಟ್ಟಿ ನೋಡುವಳು, ಒಣಗಿದ್ದರೆ ಸಮಾಧಾನ.

"ಅವ್ವಾ, ತಲೆ ಸಿಡೀತದೆ."

"ನೀರ್ಗೆ ನಾಟ್ಕ. ನಾ ಕಾಣ್ದೋಳಾ?"

ಮರುದಿನ ರೂಪ ವಾಂತಿ ಮಾಡಿದಳು. "ಅವ್ವಾ, ನೀನು ಇಬ್ರು ಕಾಣ್ತೀಯ."

"ಇಬ್ರಾದ್ರೆ ಕಾವ್ಲು ಸಲೀಸು ಬುಡು."

ಅಂದವಳ ಬಾಯಿ ಮುಚ್ಚುವ ಮೊದಲೇ ರೂಪಳ ಬಲಗೈ ಅದುರಿತು, ಹಲ್ಲು ಕಚ್ಚಿಕೊಂಡವು, ಕಣ್ಣು ಮೇಲಾದವು. ಮಂಗಳಮ್ಮ ಕೊಡಕ್ಕೆ ಇಣುಕಿದಳು. ನೀರು ಗೆರೆ ಬಿಟ್ಟು ಕದಲಿರಲಿಲ್ಲ.

ಅಳಿಯ ಚಲುವರಾಜು ಕಾರು ತಂದು ಎಲ್ಲರನ್ನೂ ಮಂಡ್ಯಕ್ಕೆ ಹಾರಿಸಿದ. ಸ್ಕ್ಯಾನ್ ನೋಡಿ ಡಾಕ್ಟರ್ ವೀಣ ಹೇಳಿದರು: "ಮೆದುಳಿಂದ ರಕ್ತ ವಾಪಸ್ಸು ಬರೋ ನಾಳದಲ್ಲಿ ಹೆಪ್ಪುಗಟ್ಟಿದೆ. ಹೆರಿಗೆಯಾದೋರಿಗೆ ಹೆಪ್ಪುಗಟ್ಟೋ ಗುಣ ಹೆಚ್ಚು. ಅದರ ಮೇಲೆ ಮೈಯಲ್ಲಿ ನೀರೇ ಇಲ್ಲ. ಏನಮ್ಮ, ನೀರು ಕೊಡ್ತಿರಲಿಲ್ವಾ?"

"ಉಂಡ್ಮೇಲೆ ಒಂದ್ ಗುಟ್ಕು," ಅಂದಳು ಮಂಗಳಮ್ಮ. ಹೆಪ್ಪು ಬೆಳೆಯದಂತೆ ಸೂಜಿ ಹಾಕುತ್ತೇವೆ ಎಂದಾಗ ಆ ಸೂಜಿಯ ಮೇಲೂ ಅನುಮಾನ. "ರಕ್ತ ತೆಳ್ಳಗೆ ಮಾಡ್ತಾರಂತೆ, ಹಾಲ್ಗೆ ನೀರ್ ಉಯ್ದಂಗೆ." ಆಮೇಲೆ ಸಣ್ಣಗೆ, "ಉಳೀತಾಳಾ?"

"ಬೇಗ ಬಂದ್ರಿ. ಹೆಚ್ಚಿನವರು ಚೇತರಿಸ್ಕೋತಾರೆ. ಎಲ್ಲರೂ ಅಲ್ಲ."

ಆ ಕೊನೆಯ ಮಾತನ್ನು ಮಾತ್ರ ಮಂಗಳಮ್ಮ ಅನುಮಾನಿಸಲಿಲ್ಲ. ವಾರ್ಡಿನ ಹೊರಗೆ ಅವಳೂ ನೀರು ಮುಟ್ಟದೆ ಕೂತಳು. ಅಳಿಯನೇ ಗದರಿಸಿ ಕುಡಿಸಿದ.

ರೂಪ ಮನೆಗೆ ಬಂದಳು. ಬಲಗೈ ಇನ್ನೂ ಸ್ವಲ್ಪ ಸೋಲುತ್ತದೆ. ಮಾತ್ರೆ ತಿಂಗಳುಗಟ್ಟಲೆ ಇದೆ. ಮಂಗಳಮ್ಮ ಈಗ ಚೊಂಬು ಹಿಡಿದು ಎದುರೇ ನಿಲ್ಲುತ್ತಾಳೆ. ಕುಡಿದಂತೆ ಮಾಡಿ ಕಿಟಕಿಯಾಚೆ ಚೆಲ್ಲಿದಳೇನೋ ಎಂದು ಹೊರಗಿನ ಮಣ್ಣನ್ನೂ ಮುಟ್ಟಿ ನೋಡುತ್ತಾಳೆ.

ಚಲುವರಾಜು ಅವಳ ಕೈಯಿಂದ ಚೊಂಬು ಇಸಕೊಂಡು ನಕ್ಕ. "ಅಲ್ಲ ಅತ್ತೆ, ಆಗ ಕದ್ದು ಕುಡೀತಾಳೆ ಅಂದ್ರಿ, ಈಗ ಕದ್ದು ಚೆಲ್ತಾಳೆ ಅಂತೀರಿ. ಯಾರ್ನೂ ನಂಬಾಕಿಲ್ವಾ ನೀವು?"

"ಒಬ್ಳನ್ನ ನಂಬಿದ್ದೆ ಕಣಪ್ಪ, ನನ್ನನ್ನೇಯ. ಅದ್ಕೇ ಮಗ್ಳು ಮಂಡ್ಯದಲ್ಲಿ ಮಲಗಿದ್ದು. ಸುಮ್ಕೆ ಆ ಚೊಂಬು ಈ ಕಡೀಕೆ ಕೊಡಿ."